ಹತ್ತು ಪಟ್ಟಿನ ಭೂತಗನ್ನಡಿ ಮತ್ತು ಕಿತ್ತಳೆ ಗಿಡದ ರಂಗೋಲಿ ಹುಳು: ಒಂದು ವರ್ಷದ ಬಳಕೆಯ ನಂತರ

ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ನಾನು 720 ರೂಪಾಯಿ ಕೊಟ್ಟು ಒಂದು ಮಡಚುವ ಭೂತಗನ್ನಡಿಯನ್ನು ಕೊಂಡೆ. ಅದಕ್ಕೂ ಹಿಂದಿನ ಎರಡು ವರ್ಷಗಳಲ್ಲಿ ಕಿತ್ತಳೆ ಸಸಿಗಳಿಗೆ ಬಿದ್ದ ರಂಗೋಲಿ ಹುಳುವಿಗೆಂದು ಔಷಧಿ ಅಂಗಡಿಗೆ ಸುರಿದ ಹಣ ಇದರ ಆರೇಳು ಪಟ್ಟಾದರೂ ಆಗಿದ್ದೀತು. ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ, ಹೆಬ್ಬೆರಳಿಗಿಂತ ಸ್ವಲ್ಪ ಉದ್ದವಿರುವ ಈ ಸಾಮಾನಿನ ಗುಣದೋಷಗಳನ್ನು ನಮ್ಮಂಥ ಇತರ ಬೆಳೆಗಾರರಿಗೂ ಹಿತ್ತಲಲ್ಲಿ ನಿಂಬೆ ಗಿಡ ಇಟ್ಟುಕೊಂಡವರಿಗೂ ತಿಳಿಸಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ. ಗಾಜಿನ ಗುಣವನ್ನು ಪರೀಕ್ಷಿಸಲು ನಾನು ಬಳಸಿದ್ದು ಅದೇ ಹುಳುವನ್ನೇ ಆದ್ದರಿಂದ ವಿಮರ್ಶೆಯ ಅರ್ಧ ಭಾಗ ಹುಳುವಿನ ಕಥೆಯೇ ಆಗಿದೆ. ಅದನ್ನು ಬಿಟ್ಟು ಈ ಗಾಜಿನ ಬಗ್ಗೆ ಹೇಳಲು ನನಗೆ ಬರುವುದಿಲ್ಲ.

ನಮ್ಮದು ಚಿಕ್ಕಮಗಳೂರು ತಾಲ್ಲೂಕಿನಲ್ಲಿ, ಆಲ್ದೂರಿನ ಕಡೆಗಿರುವ ಸಣ್ಣ ಕಾಫಿ ತೋಟ. ಸಿಲ್ವರ್ ಓಕ್ ನೆರಳು, ಅದಕ್ಕೆ ಹಬ್ಬಿಸಿದ ಕರಿಮೆಣಸು, ಕೆಳಗೆ ಕಾಫಿ. ನಮ್ಮ ತಂದೆಯ ಕಾಲದಲ್ಲಿ ಕಾಫಿಯ ನಡುನಡುವೆ ಕಿತ್ತಳೆ ಮರಗಳೂ ಸಾಕಷ್ಟಿದ್ದವು. ಅವು ಒಂದೊಂದಾಗಿ ಒಣಗಿ ಹೋದ ಮೇಲೆ ಆ ಜಾಗ ಖಾಲಿ ಉಳಿದಿತ್ತು. ಮೂರು ವರ್ಷಗಳ ಹಿಂದೆ ಹಟ ಹಿಡಿದು 60 ಕಿತ್ತಳೆ ಸಸಿಗಳನ್ನು ತಂದು ನೆಡಿಸಿದೆ. ಮನೆಯ ಹಿಂದೆ ಒಂದು ಗಜನಿಂಬೆ ಮತ್ತು ಒಂದು ಹೇರಳೆ ಮೊದಲಿನಿಂದಲೂ ಇವೆ. ಸಸಿಗಳು ಬೇರು ಬಿಟ್ಟು ಚಿಗುರತೊಡಗಿದ ಮೊದಲ ಮಳೆಗಾಲದಲ್ಲೇ ಎಳೆಯ ಎಲೆಗಳ ಮೇಲೆ ಬೆಳ್ಳಿಯ ಬಣ್ಣದ ವಕ್ರವಕ್ರ ಗೆರೆಗಳು ಕಾಣಿಸಿಕೊಂಡವು. ಬಸವನ ಹುಳು ಹರಿದು ಹೋದ ದಾರಿಯಂತೆ ಮಿನುಗುವ ಈ ಗೆರೆಗಳು ಎಲೆಯ ಮೇಲಿರದೆ ಎಲೆಯ ಪೊರೆಯ ಅಡಿಯಲ್ಲಿರುತ್ತವೆ. ನಮ್ಮ ಕಡೆ ಇದನ್ನು ರಂಗೋಲಿ ಹುಳು ಎನ್ನುತ್ತಾರೆ. ಹೆಸರಿಟ್ಟವರ ಕಣ್ಣು ಚುರುಕಾಗಿತ್ತು ಎನ್ನಬೇಕು, ಏಕೆಂದರೆ ಕೈಯೆತ್ತದೆ ಎಳೆದ ರಂಗೋಲಿಯ ಎಳೆಯಂತೆ ಈ ಗೆರೆಯೂ ಮೊದಲಿನಿಂದ ಕೊನೆಯವರೆಗೆ ಎಲ್ಲಿಯೂ ಕಡಿಯುವುದಿಲ್ಲ.

ಎಲೆ ಮುದುಡಿದೆ ಎಂದು ಅಂಗಡಿಯಲ್ಲಿ ಹೇಳಿದರೆ ಒಂದು ಬಾಟಲಿ ಕೈಗೆ ಬರುತ್ತದೆ. ಹದಿನೈದು ದಿನ ಬಿಟ್ಟು ಮತ್ತೆ ಹೋದರೆ ಇನ್ನೊಂದು ಬರುತ್ತದೆ. ಹೆಸರು ಹೇಳುವ ಅಗತ್ಯವಿಲ್ಲದ ಅಂಥ ಒಂದು ಅಂಗಡಿಯ ಮಾತು ಕೇಳಿ ಎರಡು ವರ್ಷಗಳಲ್ಲಿ ಐದು ಸಲ ಸಿಂಪಡಣೆ ಮಾಡಿಸಿದೆ. ಪ್ರತಿ ಸಲವೂ ಮುದುಡಿದ ಎಲೆ ಮುದುಡಿದಂತೆಯೇ ಉಳಿಯಿತು, ಮುಂದಿನ ಚಿಗುರಿನಲ್ಲಿ ಗೆರೆಗಳು ಮತ್ತೆ ಬಂದವು. ಐದನೆಯ ಸಲ ಸಿಂಪಡಿಸುವ ಹೊತ್ತಿಗೆ ನಮ್ಮ ಮೇಸ್ತ್ರಿ ಒಂದು ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, "ಅಯ್ಯಾ, ಈ ಮನೇಲಿ ಯಾರೂ ಇಲ್ಲ, ಸುಮ್ಮನೆ ಹೊಗೆ ಹಾಕ್ತಾ ಇದೀವಿ" ಎಂದರು. ಅವರು ಬರಿಗಣ್ಣಿನಲ್ಲಿ ಊಹಿಸಿ ಹೇಳಿದ ಮಾತು ಸರಿಯೇ ತಪ್ಪೇ ಎಂದು ತಿಳಿಯುವುದಕ್ಕಾಗಿಯೇ ನಾನು ಗಾಜು ಹುಡುಕಲು ಹೊರಟದ್ದು.

ಮೊದಲು ಕೊಂಡದ್ದು ಈಗ ವಿಮರ್ಶಿಸುತ್ತಿರುವ ಗಾಜಲ್ಲ. ಆನ್‌ಲೈನ್‌ನಲ್ಲಿ 190 ರೂಪಾಯಿಗೆ ಸಿಕ್ಕ, ಪಕ್ಕದಲ್ಲಿ ಪುಟ್ಟ ದೀಪವಿದ್ದ, ಹೊಳೆಯುವ ಲೋಹದ ಕವಚದ ಮೇಲೆ "30X 21ಎಂಎಂ" ಎಂದು ಕೆತ್ತಿದ್ದ ಒಂದು ಗಾಜು. ಮೂವತ್ತು ಪಟ್ಟು ಎಂಬ ಆಸೆಗೆ ಬಿದ್ದೆ. ಬಂದ ದಿನವೇ ಏನೋ ಸರಿಯಿಲ್ಲ ಎನ್ನಿಸಿತು, ಏಕೆಂದರೆ ಎಲೆಯ ಮೇಲಿನ ಗೆರೆ ದೊಡ್ಡದಾಗಿ ಕಂಡರೂ ಅದರ ಅಂಚಿಗೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಕೆಂಪು ಬಣ್ಣ ಹತ್ತುತ್ತಿತ್ತು, ನಡುವಿನ ಒಂದಿಷ್ಟು ಜಾಗ ಬಿಟ್ಟರೆ ಉಳಿದದ್ದೆಲ್ಲ ಕಲಸಿ ಹೋಗುತ್ತಿತ್ತು.

ಇಂಥ ಗಾಜಿನ ಮೇಲೆ ಬರೆದ ಅಂಕಿ ನಿಜವೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಹಗಲಿನಲ್ಲಿ ಕಿಟಕಿಯ ಎದುರಿನ ಗೋಡೆಯ ಬಳಿ ಗಾಜನ್ನು ಹಿಡಿದು, ಹೊರಗಿನ ಮರಗಳ ತಲೆಕೆಳಗಾದ ಚಿತ್ರ ಗೋಡೆಯ ಮೇಲೆ ಸ್ಪಷ್ಟವಾಗಿ ಮೂಡುವವರೆಗೆ ಹಿಂದೆ ಮುಂದೆ ಸರಿಸಬೇಕು. ಆಗ ಗಾಜಿಗೂ ಗೋಡೆಗೂ ಇರುವ ಅಂತರವನ್ನು ಸ್ಕೇಲಿನಲ್ಲಿ ಅಳೆಯಬೇಕು. ಅದೇ ಸುಮಾರಾಗಿ ಮಸೂರದ ಸಂಗಮ ದೂರ. 250 ಮಿಲಿಮೀಟರನ್ನು ಆ ಅಂತರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಬರುತ್ತದೆ. ನಿಜವಾದ ಮೂವತ್ತು ಪಟ್ಟಿನ ಗಾಜಾಗಿದ್ದರೆ ಆ ಅಂತರ 8 ಮಿಲಿಮೀಟರಿಗಿಂತ ತುಸು ಹೆಚ್ಚಿರಬೇಕಿತ್ತು. ನನ್ನ ಸ್ಕೇಲು ತೋರಿಸಿದ್ದು 32. ಎಂದರೆ ಎಂಟು ಪಟ್ಟೂ ತುಂಬಲಿಲ್ಲ. ಸ್ಕೇಲನ್ನು ನಂಬದವರಿಗೆ ಇನ್ನೊಂದು ಲೆಕ್ಕವಿದೆ: 21 ಮಿಲಿಮೀಟರ್ ಅಗಲದ ಸಾಮಾನ್ಯ ಗಾಜನ್ನು ಪೂರಾ ಗೋಲಿಯಂತೆ ಉರುಟು ಮಾಡಿದರೂ ಅದು ಹದಿನಾರು ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಂದೇ ಬಿಲ್ಲೆಯ, ಗೋಲಿಗಿಂತ ಎಷ್ಟೋ ಚಪ್ಪಟೆಯಾದ ಗಾಜು ಮೂವತ್ತು ಪಟ್ಟು ತೋರಿಸುವುದು ಸಾಧ್ಯವೇ ಇಲ್ಲ. ಕವಚದ ಮೇಲೆ ಏನು ಬೇಕಾದರೂ ಕೆತ್ತಬಹುದು. ಅದರ ದೀಪ ನವೆಂಬರ್ ಹೊತ್ತಿಗೆ ಕೆಟ್ಟಿತು. ಈಗ ಅದು ನಮ್ಮ ಮೊಮ್ಮಗಳ ಆಟದ ಡಬ್ಬಿಯಲ್ಲಿದೆ.

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಕನ್ನಡಕದ ಅಂಗಡಿಗಳಲ್ಲಿ ವಿಚಾರಿಸಿದಾಗ ಪತ್ರಿಕೆ ಓದಲು ಬಳಸುವ ಉದ್ದ ಹಿಡಿಯ ಗಾಜುಗಳು ಸಿಕ್ಕವೇ ಹೊರತು ನನಗೆ ಬೇಕಾದದ್ದು ಸಿಗಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿರುವ ತಮ್ಮನ ಮೂಲಕ, ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯೊಂದರಿಂದ ಈ 10X ಟ್ರಿಪ್ಲೆಟ್ ತರಿಸಿಕೊಂಡೆ. ಟ್ರಿಪ್ಲೆಟ್ ಎಂದರೆ ಮೂರು ಬಿಲ್ಲೆಗಳನ್ನು ಒಂದಕ್ಕೊಂದು ಅಂಟಿಸಿ ಮಾಡಿದ ಮಸೂರ. ಬೇರೆ ಬೇರೆ ಬಗೆಯ ಗಾಜುಗಳನ್ನು ಹೀಗೆ ಜೋಡಿಸುವುದರಿಂದ ಒಂದು ಗಾಜು ಚದುರಿಸಿದ ಬಣ್ಣವನ್ನು ಇನ್ನೊಂದು ಒಟ್ಟುಗೂಡಿಸುತ್ತದೆ. ಅಂಚಿನ ನೀಲಿ ಕೆಂಪು ಮಾಯವಾಗುತ್ತದೆ. ಅಮೆರಿಕದ ಭೌತವಿಜ್ಞಾನಿ ಚಾರ್ಲ್ಸ್ ಹೇಸ್ಟಿಂಗ್ಸ್ ಅವರ ಹೆಸರಿನಲ್ಲಿ ಇದನ್ನು ಹೇಸ್ಟಿಂಗ್ಸ್ ಟ್ರಿಪ್ಲೆಟ್ ಎಂದೂ ಕರೆಯುತ್ತಾರೆ. ಕಿಟಕಿಯ ಪರೀಕ್ಷೆಯಲ್ಲಿ ಇದರ ಅಂತರ 25 ಮಿಲಿಮೀಟರಿನ ಆಸುಪಾಸು ಬಂತು. ಬರೆದದ್ದು ಹತ್ತು, ಇದ್ದದ್ದೂ ಹತ್ತು. ಗ್ರಾಫ್ ಹಾಳೆಯ ಮೇಲೆ ಇಟ್ಟಾಗ ನಡುವಿನ ಚೌಕಗಳೂ ಅಂಚಿನ ಚೌಕಗಳೂ ಹೆಚ್ಚುಕಡಿಮೆ ಒಂದೇ ಆಕಾರದಲ್ಲಿ, ಗೆರೆ ಬಾಗದೆ ಕಂಡವು.

ಬಳಸುವ ಕ್ರಮವನ್ನು ಒಮ್ಮೆ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನೂ ಮೊದಲ ವಾರ ತಪ್ಪಾಗಿಯೇ ಹಿಡಿಯುತ್ತಿದ್ದೆ. ಗಾಜನ್ನು ಎಲೆಯ ಮೇಲಿಟ್ಟು ದೂರದಿಂದ ಬಗ್ಗಿ ನೋಡಿದರೆ ಏನೂ ಸರಿಯಾಗಿ ಕಾಣುವುದಿಲ್ಲ. ಗಾಜು ಕಣ್ಣಿಗೆ, ಹುಬ್ಬಿಗೆ ತಾಗುವಷ್ಟು ಹತ್ತಿರವಿರಬೇಕು. ಆಮೇಲೆ ಎಲೆಯನ್ನು ಒಂದು ಅಂಗುಲದಷ್ಟು ಸಮೀಪಕ್ಕೆ ತರಬೇಕು. ಗಾಜು ಹಿಡಿದ ಕೈಯ ಕಿರುಬೆರಳನ್ನು ಎಲೆ ಹಿಡಿದ ಕೈಗೆ ಆನಿಸಿಕೊಂಡರೆ ನಡುಕ ನಿಲ್ಲುತ್ತದೆ. ಕನ್ನಡಕ ಹಾಕಿಕೊಳ್ಳುವವರು ಅದನ್ನು ಹಣೆಗೇರಿಸಬೇಕಾಗುತ್ತದೆ.

ಸೆಪ್ಟೆಂಬರ್ ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಟ್ಟು ಸಸಿಗಳು ಒಮ್ಮೆಲೇ ಚಿಗುರಿದವು. ಹನ್ನೆರಡು ಚಿಗುರುಗಳಿಗೆ ಕೆಂಪು ದಾರ ಕಟ್ಟಿ ದಿನಾ ಬೆಳಗ್ಗೆ ಕಾಫಿ ಕುಡಿದ ಮೇಲೆ ಒಂದು ಸುತ್ತು ನೋಡುವುದನ್ನು ರೂಢಿ ಮಾಡಿಕೊಂಡೆ. ಮೊದಲ ನಾಲ್ಕು ದಿನ ಮೊಟ್ಟೆ ಎಂದು ನಾನು ನೋಡುತ್ತಿದ್ದುದು ಇಬ್ಬನಿಯ ಹನಿಗಳನ್ನು. ಐದನೆಯ ದಿನ, ಬಿಸಿಲು ಏರಿ ಎಲೆಗಳು ಒಣಗಿದ ಮೇಲೂ ಒಂದು ಹನಿ ಆರದೆ ಉಳಿದಿತ್ತು. ಎಲೆಯ ತಳಭಾಗದಲ್ಲಿ, ನಡುನರಕ್ಕೆ ಒತ್ತಿಕೊಂಡಂತೆ, ಗುಮ್ಮಟದ ಆಕಾರದಲ್ಲಿ ಕುಳಿತಿದ್ದ ಅದೇ ಮೊಟ್ಟೆ. ನಿಜವಾದ ಅಳತೆ ಸುಮಾರು 0.3 ಮಿಲಿಮೀಟರ್, ಗಾಜಿನಲ್ಲಿ ಎಳ್ಳಿನ ಕಾಳಿನಷ್ಟು. ಬರಿಗಣ್ಣಿಗೆ ಅದು ಇಲ್ಲವೆಂದೇ ಲೆಕ್ಕ. 190 ರೂಪಾಯಿಯ ಗಾಜಿನಲ್ಲಿ ಅದೇ ಮೊಟ್ಟೆಯನ್ನು ಹುಡುಕಿದೆ. ಇರುವ ಜಾಗ ಗೊತ್ತಿದ್ದರೂ ಮೊಟ್ಟೆಯೋ ಹನಿಯೋ ಎಂದು ನಿರ್ಧರಿಸಲು ಆಗಲಿಲ್ಲ. ಎರಡು ಗಾಜುಗಳ ಬೆಲೆಯ ವ್ಯತ್ಯಾಸ ಇರುವುದು ಇಲ್ಲಿಯೇ.

ಇದನ್ನಿಡುವ ತಾಯಿ ಒಂದು ಪತಂಗ. ಕೀಟಶಾಸ್ತ್ರದಲ್ಲಿ ಅದರ ಹೆಸರು ಫಿಲೊಕ್ನಿಸ್ಟಿಸ್ ಸಿಟ್ರೆಲ್ಲಾ. ಕಲ್ಕತ್ತೆಯಿಂದ ಹೋದ ಮಾದರಿಗಳನ್ನು ನೋಡಿ 1856ರಲ್ಲಿ ಈ ಹೆಸರಿಟ್ಟವರು ಇಂಗ್ಲೆಂಡಿನ ಹೆನ್ರಿ ಸ್ಟೇಂಟನ್. ಹಗಲೆಲ್ಲ ಎಲೆಯ ಅಡಿಯಲ್ಲಿ ಕುಳಿತಿದ್ದು, ಮುಸ್ಸಂಜೆಯಿಂದ ನಸುಕಿನವರೆಗೆ ಓಡಾಡುವ ಇದು ಕಿತ್ತಳೆ, ನಿಂಬೆಗಳ ಎಳೆ ಚಿಗುರನ್ನು ಹುಡುಕಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಬಲಿತ ಎಲೆ ಇದಕ್ಕೆ ಬೇಡ. ಎಲೆಯ ಪೊರೆ ಗಟ್ಟಿಯಾದ ಮೇಲೆ ಒಳಗೆ ಹೋಗುವ ಹುಳುವಿಗೆ ಅದು ದಕ್ಕುವುದಿಲ್ಲ. ಆದ್ದರಿಂದ ಚಿಗುರೊಡೆದ ಕೆಲವೇ ದಿನಗಳ ಅವಧಿಯಲ್ಲಿ ಇಡೀ ವ್ಯವಹಾರ ಮುಗಿಯಬೇಕು.

ದಾರ ಕಟ್ಟಿದ ಆ ಎಲೆಯಲ್ಲಿ ನಾಲ್ಕನೆಯ ದಿನ ಮೊಟ್ಟೆ ಒಡೆಯಿತು. ಒಡೆಯಿತು ಎಂದರೆ ಮೇಲಿನಿಂದ ಏನೂ ಕಾಣುವುದಿಲ್ಲ. ಮೊಟ್ಟೆಯ ತಳದಿಂದಲೇ ಹುಳು ನೇರವಾಗಿ ಎಲೆಯ ಪೊರೆಯೊಳಗೆ ಇಳಿಯುತ್ತದೆ. ಹೊರಗಿನ ಗಾಳಿ ಅದಕ್ಕೆ ಸೋಕುವುದೇ ಇಲ್ಲ. ಅಲ್ಲಿಂದ ಮುಂದೆ ಗಾಜಿನ ನಿಜವಾದ ಉಪಯೋಗ ಆರಂಭವಾಗುತ್ತದೆ. ಎಲೆಯನ್ನು ಆಕಾಶದ ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಸುರಂಗದ ಅಗಲವಾದ ತುದಿಯಲ್ಲಿ ಹಳದಿ ಮಿಶ್ರಿತ ಹಸಿರು ಬಣ್ಣದ, ಕಾಲಿಲ್ಲದ, ಕಾಗದದಂತೆ ಚಪ್ಪಟೆಯಾದ ಹುಳು ಕಾಣುತ್ತದೆ. ತಲೆಯೂ ಚಪ್ಪಟೆ. ಅದನ್ನು ಎಡಕ್ಕೂ ಬಲಕ್ಕೂ ಕುಡುಗೋಲು ಬೀಸುವವನಂತೆ ಆಡಿಸುತ್ತ, ಪೊರೆಯ ಕೋಶಗಳನ್ನು ಸೀಳಿ, ಒಸರುವ ರಸವನ್ನು ಕುಡಿಯುತ್ತ ಮುಂದೆ ಸಾಗುತ್ತದೆ. ಎಲೆಯ ತಿರುಳನ್ನು ಅದು ಅಗಿಯುವುದಿಲ್ಲ; ಹೊರಪೊರೆಯನ್ನು ಮಾತ್ರ ಬಿಡಿಸುತ್ತದೆ. ಬಿಡಿಸಿದ ಪೊರೆಯ ಅಡಿಯಲ್ಲಿ ಗಾಳಿ ಸೇರಿಕೊಳ್ಳುವುದರಿಂದಲೇ ನಮಗೆ ಆ ಬೆಳ್ಳಿಯ ಹೊಳಪು ಕಾಣುವುದು. ಹಿಂದೆ ಬಿಟ್ಟು ಬಂದ ದಾರಿಯ ನಟ್ಟನಡುವೆ ಕಪ್ಪು ದಾರದಂತೆ ಹಿಕ್ಕೆಯ ಗೆರೆ ಎಳೆದಿರುತ್ತದೆ. ಒಂದು ಬೆಳಗ್ಗೆ ಸುಮಾರು ಇಪ್ಪತ್ತು ನಿಮಿಷ ಒಂದೇ ಹುಳುವನ್ನು ನೋಡುತ್ತ ನಿಂತಿದ್ದೆ. ಮನೆಯಿಂದ ತಿಂಡಿಗೆ ಎರಡು ಸಲ ಕೂಗು ಬಂದ ಮೇಲೆ ನೆನಪಾಗಿ ಹೊರಟಾಗ ಹುಳು ಒಂದು ಸಾಸಿವೆ ಕಾಳಿನಷ್ಟು ದೂರವನ್ನೂ ದಾಟಿರಲಿಲ್ಲ.

ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆರಂಭದಲ್ಲಿ ಎರಡು ಎಲೆಗಳನ್ನು ಕಿತ್ತು ತಂದು ಜಗಲಿಯ ಮೇಲೆ ಕುಳಿತು ನೋಡುತ್ತಿದ್ದೆ. ಎಲೆ ಬಾಡುತ್ತಲೇ ಹುಳುವೂ ಸತ್ತಿತು. ಈ ಹುಳು ಹುಟ್ಟಿದ ಎಲೆಯನ್ನು ಬಿಟ್ಟು ಇನ್ನೊಂದು ಎಲೆಗೆ ಹೋಗಲಾರದು. ಸುರಂಗವೇ ಅದರ ಊಟದ ಮನೆ ಮತ್ತು ಮಲಗುವ ಮನೆ. ಗಾಜನ್ನು ಗಿಡದ ಬಳಿಗೆ ಒಯ್ಯಬೇಕೇ ಹೊರತು ಎಲೆಯನ್ನು ಗಾಜಿನ ಬಳಿಗೆ ತರಬಾರದು. ಮೇಜಿನ ಮೇಲಿನ ಸೂಕ್ಷ್ಮದರ್ಶಕಕ್ಕಿಂತ ಜೇಬಿನ ಗಾಜೇ ಈ ಕೆಲಸಕ್ಕೆ ಮೇಲು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮೂರು ಸಲ ಪೊರೆ ಕಳಚಿ ನಾಲ್ಕನೆಯ ಹಂತಕ್ಕೆ ಬಂದಾಗ ಹುಳುವಿನ ಸ್ವಭಾವವೇ ಬದಲಾಗುತ್ತದೆ. ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ದೇಹ ಉರುಟಾಗುತ್ತದೆ, ಬಾಯಿಗೆ ಊಟ ಬೇಡವಾಗುತ್ತದೆ, ಬದಲಿಗೆ ರೇಷ್ಮೆಯಂಥ ನೂಲು ಬರತೊಡಗುತ್ತದೆ. ಎಲೆಯ ಅಂಚಿಗೆ ಹೋಗಿ ಆ ನೂಲಿನಿಂದ ಅಂಚನ್ನು ಒಳಕ್ಕೆ ಎಳೆದು ಮಡಚಿಕೊಳ್ಳುತ್ತದೆ. ನೂಲು ಒಣಗಿ ಬಿಗಿಯಾದಂತೆ ಮಡಿಕೆಯೂ ಬಿಗಿಯಾಗುತ್ತದೆ. ಆ ಮಡಿಕೆಯೊಳಗೆ ಅದು ಕೋಶಾವಸ್ಥೆಗೆ ಹೋಗುತ್ತದೆ. ನನ್ನ ಗುರುತಿನ ಎಲೆಗಳಲ್ಲಿ ಮೊಟ್ಟೆ ಒಡೆದ ಎಂಟೊಂಬತ್ತು ದಿನಕ್ಕೆ ಅಂಚು ಮಡಚಿತು; ಅಲ್ಲಿಂದ ಒಂಬತ್ತು ದಿನಕ್ಕೆ, ಮಡಿಕೆಯ ತುದಿಯಲ್ಲಿ ಕಂದು ಬಣ್ಣದ ಖಾಲಿ ಕೋಶದ ಅರ್ಧ ಭಾಗ ಹೊರಗೆ ಇಣುಕುತ್ತಿತ್ತು. ಕೋಶದ ತಲೆಯ ಮೇಲೆ ಒಂದು ಮೊನಚಾದ ಮುಳ್ಳಿದೆ, ಮಡಿಕೆಯನ್ನು ಸೀಳಿಕೊಂಡು ಹೊರಬರಲು; ಅದೂ ಈ ಗಾಜಿನಲ್ಲಿ, ಸ್ವಲ್ಪ ತಾಳ್ಮೆ ಇದ್ದರೆ, ಕಾಣುತ್ತದೆ. ಒಟ್ಟು ಮೂರು ವಾರದ ಜೀವನ. ಬಿಸಿಲಿನ ದಿನಗಳಲ್ಲಿ ಎರಡು ವಾರದೊಳಗೇ ಮುಗಿಯುವುದುಂಟು, ಚಳಿಯಿದ್ದರೆ ಏಳು ವಾರದವರೆಗೂ ಎಳೆಯುವುದುಂಟು.

ಪತಂಗವನ್ನು ನೋಡಲು ಎರಡು ನಸುಕುಗಳನ್ನು ಕಳೆಯಬೇಕಾಯಿತು. ಮೂರನೆಯ ದಿನ ಗಜನಿಂಬೆಯ ಎಲೆಯ ಅಡಿಯಲ್ಲಿ ಒಂದು ಸಿಕ್ಕಿತು. ಕುಳಿತಾಗ ಮೈಯುದ್ದ ಎರಡು ಮಿಲಿಮೀಟರ್, ರೆಕ್ಕೆ ಬಿಚ್ಚಿದರೆ ನಾಲ್ಕು. ಬರಿಗಣ್ಣಿಗೆ ಬೂದಿಯ ಚೂರಿನಂತಿದ್ದ ಅದು ಗಾಜಿನಡಿಯಲ್ಲಿ ಬೆಳ್ಳಿಯ ಜರಿಯ ಸೀರೆಯುಟ್ಟಂತೆ ಕಂಡಿತು: ಹೊಳೆಯುವ ಬಿಳಿ ಮುಂರೆಕ್ಕೆ, ಅದರ ಮೇಲೆ ಕಂದು ಪಟ್ಟಿಗಳು, ತುದಿಯಲ್ಲಿ ಕಾಡಿಗೆ ಚುಕ್ಕೆಯಂಥ ಒಂದು ಕಪ್ಪು ಬೊಟ್ಟು, ಹಿಂರೆಕ್ಕೆಯ ಅಂಚಿಗೆ ಉದ್ದುದ್ದ ಕೂದಲಿನ ಕುಚ್ಚು. ಸರಿಯಾಗಿ ನಾಲ್ಕೈದು ಸೆಕೆಂಡು ಕುಳಿತಿದ್ದು ಹಾರಿತು. ಈ ಗಾಜಿನ ಒಂದು ದೌರ್ಬಲ್ಯ ಇಲ್ಲಿ ಗೊತ್ತಾಯಿತು. ಒಂದು ಅಂಗುಲದಷ್ಟು ಹತ್ತಿರ ಹೋಗಲೇಬೇಕಾದ್ದರಿಂದ ಜೀವಂತ ಪತಂಗವನ್ನು ನಿಧಾನವಾಗಿ ನೋಡುವ ಭಾಗ್ಯ ಅಪರೂಪ. ಅದಕ್ಕೆ ಮಾತ್ರ ಮೂರು ನಾಲ್ಕು ಪಟ್ಟಿನ, ದೂರದಿಂದ ಹಿಡಿಯಬಹುದಾದ ದೊಡ್ಡ ಗಾಜೇ ಸರಿ.

ಈಗ ಹಣದ ಮಾತಿಗೆ ಬರೋಣ. ನಮ್ಮ ಕಣ್ಣಿಗೆ ಎದ್ದು ಕಾಣುವುದು ಮುದುಡಿದ, ಗೆರೆ ತುಂಬಿದ ಎಲೆ. ಆದರೆ ಎಲೆಯ ಅಂಚು ಮಡಚುವ ಹೊತ್ತಿಗೆ ಹುಳುವಿನ ಊಟ ಮುಗಿದಿರುತ್ತದೆ. ಇನ್ನೊಂದು ವಾರ ಕಳೆದರೆ ಮನೆಯೇ ಖಾಲಿ. ಅಕ್ಟೋಬರ್ ಮಧ್ಯದಲ್ಲಿ ನಾನು ಹಾನಿಯಾದಂತೆ ಕಂಡ 50 ಎಲೆಗಳನ್ನು ಗಿಡದ ಮೇಲೆಯೇ ಒಂದೊಂದಾಗಿ ಗಾಜಿನಲ್ಲಿ ನೋಡಿದಾಗ ಉಣ್ಣುತ್ತಿರುವ ಹುಳು ಇದ್ದದ್ದು ಏಳರಲ್ಲಿ ಮಾತ್ರ. ಹಿಂದಿನ ವರ್ಷಗಳಲ್ಲಿ ನಾನು ಔಷಧಿ ಹೊಡೆಸಿದ್ದು ಇಂಥದೇ ಹೊತ್ತಿನಲ್ಲಿ, ಇಂಥವೇ ಎಲೆಗಳಿಗೆ. ಮೇಸ್ತ್ರಿಯ ಮಾತು ಅಕ್ಷರಶಃ ನಿಜವಾಗಿತ್ತು. ಗಾಜನ್ನು ಅವರ ಕೈಗೆ ಕೊಟ್ಟು ಖಾಲಿ ಕೋಶವನ್ನು ತೋರಿಸಿದಾಗ ಅವರು ನಕ್ಕರೇ ಹೊರತು ಏನೂ ಹೇಳಲಿಲ್ಲ. ನಾನೂ ಹೇಳಿಸಿಕೊಳ್ಳಲು ಕಾಯಲಿಲ್ಲ.

ಆಮೇಲೆ ಕ್ರಮ ಬದಲಾಯಿಸಿದೆ. ಚಿಗುರು ಒಡೆಯುವ ಹೊತ್ತಿಗೆ, ಮೊಟ್ಟೆಗಳು ಕಂಡರೆ ಮಾತ್ರ, ಎಳೆಯ ಎಲೆಯ ಎರಡೂ ಬದಿ ನೆನೆಯುವಂತೆ ಬೇವಿನ ಎಣ್ಣೆಯ ದ್ರಾವಣ ಸಿಂಪಡಿಸುವುದು. ಎಲೆಗಳು ಬಲಿತ ಮೇಲೆ ಗೆರೆ ಎಷ್ಟೇ ಇದ್ದರೂ ಕೈ ಹಚ್ಚದಿರುವುದು. ಗೆರೆ ಬಿದ್ದ ಎಲೆಗಳನ್ನು ಕಿತ್ತು ಹಾಕದಿರುವುದು, ಏಕೆಂದರೆ ಅವುಗಳ ಉಳಿದ ಹಸಿರು ಭಾಗ ಸಸಿಗೆ ಅನ್ನ ಬೇಯಿಸುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಯೂರಿಯಾ ಹೆಚ್ಚು ಕೊಟ್ಟು ಬೇಕಾಬಿಟ್ಟಿ ಚಿಗುರಿಸುವುದನ್ನೂ ನಿಲ್ಲಿಸಿದೆ. ಹಿತ್ತಲಿನ ಹೇರಳೆಯಂಥ ದೊಡ್ಡ ಮರಗಳಿಗೆ ಈ ಹುಳುವಿನಿಂದ ಹೇಳಿಕೊಳ್ಳುವ ನಷ್ಟವಿಲ್ಲ. ನಾಲ್ಕು ವರ್ಷದೊಳಗಿನ ಸಸಿಗಳೂ ನರ್ಸರಿಯ ಗಿಡಗಳೂ ಮಾತ್ರ ಸೊರಗುತ್ತವೆ. ಈ ವರ್ಷ ರಾಸಾಯನಿಕ ಕೀಟನಾಶಕ ಒಂದು ಸಲವೂ ಹೊಡೆಸಿಲ್ಲ, ಬೇವಿನ ಎಣ್ಣೆ ಎರಡು ಸಲ. ಗೆರೆಗಳು ಈಗಲೂ ಇವೆ, ಸಸಿಗಳು ಮಾತ್ರ ಎದೆಯೆತ್ತರ ಬಂದಿವೆ.

ಗಾಜು ತೋರಿಸಿದ ಇನ್ನೊಂದು ಸಂಗತಿಗೆ ನಾನು ಸಿದ್ಧನಿರಲಿಲ್ಲ. ನವೆಂಬರಿನ ಒಂದು ಎಲೆಯ ಸುರಂಗದಲ್ಲಿ ಹುಳು ಕದಲದೆ ಬಿದ್ದಿತ್ತು, ಅದರ ಪಕ್ಕದಲ್ಲಿ ಅದಕ್ಕಿಂತ ಚಿಕ್ಕದಾದ ಕಪ್ಪು ಕೋಶವೊಂದಿತ್ತು. ಎಲೆಗೆ ಪಾರದರ್ಶಕ ಪ್ಲಾಸ್ಟಿಕ್ ಕವರು ಕಟ್ಟಿ ಬಿಟ್ಟೆ. ಆರು ದಿನದ ನಂತರ ಕವರಿನೊಳಗೆ ಪತಂಗದ ಬದಲು ಒಂದು ಕಣಜ, ಅದೂ ಒಂದು ಮಿಲಿಮೀಟರ್ ಇದ್ದೀತೋ ಇಲ್ಲವೋ. ರಂಗೋಲಿ ಹುಳುವಿನ ಮೇಲೆ ತನ್ನ ಮೊಟ್ಟೆಯಿಟ್ಟು, ಅದನ್ನೇ ತನ್ನ ಮರಿಗೆ ಉಣಿಸುವ ಇಂಥ ಪರತಂತ್ರ ಕಣಜಗಳು ನಮ್ಮ ದೇಶದಲ್ಲಿ ಹಲವು ಬಗೆಯವಿವೆ. ಪತಂಗ ಏಷ್ಯಾದ್ದೇ ಆದ್ದರಿಂದ ಅದರ ಶತ್ರುಗಳೂ ಇಲ್ಲಿಯವೇ. ಅದೇ ಪತಂಗ 1993ರಲ್ಲಿ ಅಮೆರಿಕದ ಫ್ಲಾರಿಡಾವನ್ನು ತಲುಪಿ ಕಿತ್ತಳೆ ತೋಟಗಳನ್ನೆಲ್ಲ ಆವರಿಸಿದಾಗ ಅಲ್ಲಿನವರು ಏಷ್ಯಾ ಮೂಲದ ಅಜೆನಿಯಾಸ್ಪಿಸ್ ಎಂಬ ಕಣಜವನ್ನು ಹೊರಗಿನಿಂದ ತರಿಸಿ ಬಿಡಬೇಕಾಯಿತು. ನಾನು ಐದು ಸಲ ಹೊಡೆಸಿದ ಔಷಧಿ ಸುರಂಗದೊಳಗಿನ ಹುಳುವನ್ನು ಮುಟ್ಟಿತೋ ಇಲ್ಲವೋ, ಎಲೆಯ ಮೇಲೆ ಓಡಾಡುವ ಈ ಕಣಜಗಳನ್ನಂತೂ ಬಿಟ್ಟಿರಲಾರದು. ಇರುವೆಗಳು ಪೊರೆಯನ್ನು ಕತ್ತರಿಸಿ ಹುಳುವನ್ನು ಎಳೆದೊಯ್ಯುವುದನ್ನೂ ಎರಡು ಸಲ ನೋಡಿದೆ.

ಕಜ್ಜಿ ರೋಗವನ್ನು ಗುರುತಿಸಲು ಕೂಡ ಗಾಜು ನೆರವಾಗುತ್ತದೆ, ನಿಂಬೆ ಇಟ್ಟವರು ಇದನ್ನು ಗಮನಿಸಬೇಕು. ಹುಳು ಸೀಳಿದ ಪೊರೆ ಕಜ್ಜಿಯ ಬ್ಯಾಕ್ಟೀರಿಯಾಗಳಿಗೆ ತೆರೆದ ಬಾಗಿಲು. ಮಳೆಯ ಹನಿ ಅವುಗಳನ್ನು ಎಲೆಯಿಂದ ಎಲೆಗೆ ಸಿಡಿಸುತ್ತದೆ. ಹಳೆಯ ಸುರಂಗ ಒಣಗಿ ಕಂದಾದಾಗ ಬರಿಗಣ್ಣಿಗೆ ಎರಡೂ ಒಂದೇ ರೀತಿ ಕಾಣಬಹುದು. ಗಾಜಿನಲ್ಲಿ ಸುರಂಗ ಚಪ್ಪಟೆಯಾದ, ಸುಲಿದ ಈರುಳ್ಳಿ ಸಿಪ್ಪೆಯಂಥ ಪೊರೆ. ಕಜ್ಜಿಯಾದರೆ ಉಬ್ಬಿದ, ಒರಟಾದ, ನಡುವೆ ಕುಳಿಬಿದ್ದ ಬೊಕ್ಕೆ, ಸುತ್ತಲೂ ಹಳದಿ ಬಳೆ. ನಮ್ಮ ಗಜನಿಂಬೆಯಲ್ಲಿ ಮೂರು ರೆಂಬೆಗಳಿಗೆ ಕಜ್ಜಿ ಹತ್ತಿದ್ದು ಹೀಗೆ ತಿಳಿದು, ಒಣಹವೆಯ ದಿನ ನೋಡಿ ಕತ್ತರಿಸಿ ಸುಟ್ಟೆವು.

ಇನ್ನು ದೂರುಗಳು. ಮಲೆನಾಡಿನ ಮಳೆಗಾಲಕ್ಕೆಂದು ಈ ಗಾಜನ್ನು ಯಾರೂ ಮಾಡಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕಣ್ಣಿನ ಬಳಿ ತಂದ ಕೂಡಲೇ ಉಸಿರಿನ ಆವಿ ಹತ್ತಿ ಮಸುಕಾಗುತ್ತದೆ. ಒರೆಸಿ ನೋಡುವಷ್ಟರಲ್ಲಿ ಮತ್ತೆ ಮಸುಕು. ಒಂದು ತಿಂಗಳು ಚರ್ಮದ ಚೀಲದೊಳಗೇ ಇಟ್ಟಿದ್ದರಿಂದ ಚೀಲಕ್ಕೆ ಬೂಸ್ಟು ಬಂದು, ಗಾಜಿನ ಅಂಚಿನಲ್ಲೂ ಜೇಡರ ಬಲೆಯಂಥ ಎಳೆ ಕಾಣಿಸಿಕೊಂಡಿತು. ಅದೃಷ್ಟಕ್ಕೆ ಹೊರಮೈಯಲ್ಲೇ ಇತ್ತು, ಮೆದುವಾದ ಬಟ್ಟೆಗೆ ಹೋಯಿತು. ಬಿಲ್ಲೆಗಳ ನಡುವೆ ಸೇರಿದ್ದರೆ ಗಾಜು ಕೈಬಿಟ್ಟಂತೆಯೇ. ಈಗ ಚೀಲವನ್ನು ಎಸೆದು, ಮಸಾಲೆ ಡಬ್ಬಿಯಂಥ ಬಿಗಿ ಮುಚ್ಚಳದ ಪುಟ್ಟ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತಿದ್ದೇನೆ. ಮಡಚುವ ಕೀಲಿನ ತಿರುಪು ಕಬ್ಬಿಣದ್ದು; ಆರನೆಯ ತಿಂಗಳಿಗೆ ತುಕ್ಕು ಹಿಡಿದು ಸಡಿಲವಾಯಿತು, ಗಾಜು ಕವಚದಿಂದ ತಾನಾಗಿಯೇ ಹೊರಳಿ ಬೀಳತೊಡಗಿತು. 720 ರೂಪಾಯಿಯ ಸಾಮಾನಿಗೆ ಒಂದು ಸ್ಟೀಲ್ ತಿರುಪು ಹಾಕಲು ಮಾಡಿದವರಿಗೆ ಏನು ಕಷ್ಟವಿತ್ತೋ. ಕುತ್ತಿಗೆಗೆ ಹಾಕಿಕೊಳ್ಳಲು ದಾರ ಕೊಟ್ಟಿಲ್ಲ. ಕಾಫಿ ಗಿಡಗಳ ನಡುವೆ ಬಗ್ಗಿದಾಗ ಜೇಬಿನಿಂದ ಜಾರಿ ತರಗೆಲೆಯಲ್ಲಿ ಸೇರಿಕೊಂಡ ದಿನ ಮೂರು ಜನ ಅರ್ಧ ಗಂಟೆ ಹುಡುಕಿದೆವು. ದೀಪವಿಲ್ಲದಿರುವುದನ್ನು ಕೆಲವರು ಕೊರತೆ ಎನ್ನಬಹುದು, ನನಗೆ ಹಾಗೆನಿಸಲಿಲ್ಲ. ಮುಂದಿನಿಂದ ಬೀಳುವ ದೀಪದಲ್ಲಿ ಬೆಳ್ಳಿ ಪೊರೆ ಕಣ್ಣು ಕುಕ್ಕುತ್ತದೆಯೇ ವಿನಾ ಒಳಗಿನ ಹುಳು ಕಾಣುವುದಿಲ್ಲ.

ನೆರೆಯ ತೋಟದವರೊಬ್ಬರು ಇದೇ ಮಾದರಿಯ 20X ತರಿಸಿದ್ದಾರೆ. ಒಂದು ವಾರ ಎರವಲು ತಂದು ನೋಡಿದೆ. ಎಲೆಯಿಂದ 12 ಮಿಲಿಮೀಟರಿನಷ್ಟು ಹತ್ತಿರ ಹಿಡಿಯಬೇಕು, ಆಗ ನಮ್ಮ ಮುಖದ ನೆರಳೇ ಬೆಳಕಿಗೆ ಅಡ್ಡ ಬರುತ್ತದೆ. ಕಾಣುವ ಜಾಗವೂ ಕಿರಿದು, ಸ್ವಲ್ಪ ಗಾಳಿ ಬೀಸಿದರೆ ಎಲೆ ಕೈತಪ್ಪಿ ಹೋಗುತ್ತದೆ. ಕಣಜದ ಕೋಶ ನೋಡಲು ಚೆನ್ನ, ದಿನಾ ತೋಟ ಸುತ್ತುವವರಿಗೆ ಬೇಡ. ಮೊಬೈಲಿನ ಕ್ಯಾಮೆರಾ ಮುಂದೆ 10X ಗಾಜನ್ನು ಒತ್ತಿ ಹಿಡಿದರೆ ಹುಳುವಿನ ಫೋಟೊ ತಕ್ಕಮಟ್ಟಿಗೆ ಬರುತ್ತದೆ. ಅಂಥ ನಾಲ್ಕು ಫೋಟೊಗಳನ್ನು ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿರುವ ಸಂಬಂಧಿಕರ ಹುಡುಗನಿಗೆ ಕಳಿಸಿ, ಕೋಶ ಕಣಜದ್ದೇ ಎಂದು ಖಾತ್ರಿ ಮಾಡಿಕೊಂಡೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ತಿರುಪಿಗೆ ಮತ್ತು ಆ ಚರ್ಮದ ಚೀಲಕ್ಕೆ. ಕೊಳ್ಳುವವರು ಕವಚದ ಮೇಲಿನ ಅಂಕಿಯನ್ನು ನೋಡದೆ "ಟ್ರಿಪ್ಲೆಟ್" ಎಂಬ ಪದವನ್ನು ಹುಡುಕಲಿ, ಬಂದ ದಿನವೇ ಕಿಟಕಿಯ ಮುಂದೆ ಸ್ಕೇಲು ಹಿಡಿದು ಅಳೆಯಲಿ, ಸರಿಬಾರದಿದ್ದರೆ ವಾಪಸು ಕಳಿಸುವ ಅವಧಿ ಮುಗಿಯುವ ಮೊದಲೇ ಕಳಿಸಲಿ. ನನ್ನ ಗಾಜಿನ ತಿರುಪನ್ನು ಊರಿನ ವಾಚ್ ರಿಪೇರಿಯವರು ಇಪ್ಪತ್ತು ರೂಪಾಯಿಗೆ ಬದಲಾಯಿಸಿ ಕೊಟ್ಟರು. ಗಾಜನ್ನು ಹಿಂದಿರುಗಿಸುವ ಮೊದಲು ತಮ್ಮ ಕಣ್ಣಿಗಿಟ್ಟು, ಬಿಚ್ಚಿಟ್ಟಿದ್ದ ವಾಚೊಂದರ ಚಕ್ರಗಳನ್ನು ನೋಡಿ, ಇದು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿಕೊಂಡರು.